ಮೂರು ಏಳು

ನಾನು ನೋಡಿಕೊಳ್ಳುತ್ತಿದ್ದದ್ದು ಒಂದು ಸಣ್ಣ ಓದುಗರ ಬಳಗದ ಜಾಲತಾಣ. ಒಂದು ರಾತ್ರಿ ಚಿತ್ರಗಳು ಏರಲೊಲ್ಲವು. ‘ಅನುಮತಿ ಇಲ್ಲ’ ಎಂಬ ಸಾಲೇ ಮತ್ತೆ ಮತ್ತೆ. ನಿದ್ದೆ ಎಳೆಯುತ್ತಿತ್ತು. ಫೋಲ್ಡರಿಗೂ ಅದರೊಳಗಿನ ಎಲ್ಲದಕ್ಕೂ 777 ಎಂದು ಕೊಟ್ಟೆ. ಚಿತ್ರಗಳು ಬಂದವು, ನಾನು ಮಲಗಿದೆ.

ಯುನಿಕ್ಸ್ ಕುಲದ ಯಂತ್ರಗಳಲ್ಲಿ ಪ್ರತಿ ಫೈಲಿಗೂ ಮೂರು ಬಗೆಯ ಜನ: ಒಡೆಯ, ಗುಂಪು, ಉಳಿದವರು. ಓದಲು 4, ಬರೆಯಲು 2, ಚಲಾಯಿಸಲು 1, ಕೂಡಿದರೆ 7. ಮೂರೂ ಕಡೆ 7 ಇದ್ದರೆ ಆ ಯಂತ್ರದಲ್ಲಿ ಖಾತೆಯಿರುವ ಯಾರೂ ಏನೂ ಮಾಡಬಹುದು. ನಮ್ಮದು ನಾಲ್ಕಾರು ಸಂಘಗಳು ಹಂಚಿಕೊಂಡ ಸರ್ವರ್. ಆ ಫೋಲ್ಡರಿನಲ್ಲೇ ಕಾನ್ಫಿಗರೇಶನ್ ಫೈಲು, ಅದರಲ್ಲಿ ಡೇಟಾಬೇಸಿನ ಪಾಸ್‌ವರ್ಡ್, ಡೇಟಾಬೇಸಿನಲ್ಲಿ ಚಂದಾದಾರರ ಮನೆ ವಿಳಾಸ, ಫೋನ್ ನಂಬರು. ಇದು ನನ್ನ ಕಣ್ಣಿಗೆ ಬಿದ್ದದ್ದು 14 ತಿಂಗಳ ಮೇಲೆ.

ಸರಿಪಡಿಸಲು ಒಂದು ನಿಮಿಷ ಸಾಕಾಯಿತು. ಒಡೆಯ ನಾನು, ಗುಂಪಿನಲ್ಲಿ ನಮ್ಮ ತಾಣವನ್ನು ಓಡಿಸುವ ಖಾತೆಯೊಂದೇ, ಅನುಮತಿ 640. ಆ ಖಾತೆ ಫೈಲನ್ನು ಓದಬೇಕು, ತಿದ್ದುವ ಕೆಲಸ ಅದಕ್ಕಿಲ್ಲ, ಉಳಿದವರಿಗೆ ಸೊನ್ನೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿದ್ದರು. ಪಾಸ್‌ವರ್ಡನ್ನೂ ಬದಲಿಸಿದೆ.

“ಏನೂ ಆಗಿಲ್ಲವಲ್ಲ ಮಾರಾಯ, ಬಿಡು” ಎಂದ ಗೆಳೆಯ. ನನ್ನನ್ನು ಕಾಡಿದ್ದು ಆ ಮಾತೇ. ಅದೃಷ್ಟಕ್ಕೂ ನೈತಿಕ ಹೊಣೆಗೂ ಇರುವ ಈ ಕಗ್ಗಂಟನ್ನು 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಚರ್ಚಿಸಿದ್ದಾರೆ: ಒಂದೇ ಅಜಾಗ್ರತೆ, ಯಾರಿಗಾದರೂ ಪೆಟ್ಟಾದರೆ ಅಪರಾಧ, ಆಗದಿದ್ದರೆ ಮರೆವು. ಆದರೆ ಅಡ್ಡಾದಿಡ್ಡಿ ವಾಹನ ಓಡಿಸಿದವನಿಗೆ ಯಾರಿಗೆ ತಾಗಿತು ಎಂಬುದಾದರೂ ಸಾಮಾನ್ಯವಾಗಿ ಗೊತ್ತಾಗುತ್ತದೆ. ನನಗೆ ಅದೂ ಇಲ್ಲ. ಓದಿದ ಫೈಲು ಓದದ ಫೈಲಿನಂತೆಯೇ ಇರುತ್ತದೆ. ತಾಣವೇ ಅದನ್ನು ದಿನವೆಲ್ಲ ಓದುತ್ತಿದ್ದಾಗ ನಡುವೆ ಇನ್ನೊಬ್ಬರು ಇಣುಕಿದ್ದರೆ ನಾನು ಹೇಗೆ ಹೇಳಲಿ?

ಜನರನ್ನು ಅನುಮಾನಿಸದವನು ನಾನು ಎಂಬ ಸಣ್ಣ ಜಂಬ ನನ್ನಲ್ಲಿತ್ತು. ನನ್ನ ಮನೆಯ ಬಾಗಿಲು ತೆರೆದಿಟ್ಟರೆ ಅದು ಔದಾರ್ಯವೇ ಇರಬಹುದು. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೊಟ್ಟ ಬೀಗದ ಕೈಯನ್ನು ಗೇಟಿಗೆ ನೇತುಹಾಕಿ, “ನಮ್ಮ ಬೀದಿಯವರು ಒಳ್ಳೆಯವರು” ಎನ್ನುವುದಕ್ಕೆ ಏನೆನ್ನಬೇಕು? ಬೀದಿಯವರು ಒಳ್ಳೆಯವರೇ ಆಗಿದ್ದರೂ ಆ ಕೈ ನನ್ನದಲ್ಲವಲ್ಲ.

ಹಾಗಾಗಿ ಚಂದಾದಾರರಿಗೆ ಪತ್ರ ಬರೆದೆ. ಸುಮ್ಮನೆ ಗಾಬರಿ ಹುಟ್ಟಿಸುತ್ತೀಯ ಎಂದು ಗೆಳೆಯ ಬೈದ. ನನ್ನ ಮನಸ್ಸಿನ ಭಾರವನ್ನು ಅವರ ತಲೆಗೆ ದಾಟಿಸುತ್ತಿದ್ದೇನೆಯೇ ಎಂಬ ಅನುಮಾನ ನನಗೂ ಇತ್ತು, ಈಗಲೂ ಇದೆ. ಹೆಚ್ಚಿನವರು ಉತ್ತರಿಸಲಿಲ್ಲ. ಇಬ್ಬರು ಹೆಸರು ತೆಗೆಯಲು ಹೇಳಿದರು, ತೆಗೆದೆ. ಹಿರಿಯರೊಬ್ಬರು ಕಾರ್ಡು ಬರೆದರು: ನನ್ನ ವಿಳಾಸ ಅಳಿಸಿಬಿಡಿ, ಪುಸ್ತಕ ಮಾತ್ರ ತಪ್ಪದೆ ಕಳಿಸುತ್ತಿರಿ.

ಅವರಿಗೆ ಇನ್ನೂ ಉತ್ತರ ಬರೆದಿಲ್ಲ. ಕಾರ್ಡು ಮೇಜಿನ ಮೇಲಿದೆ, ವಿಳಾಸ ಎಲ್ಲರಿಗೂ ಕಾಣುವಂತೆ.