ಬೆಳ್ಳಗಿದ್ದದ್ದೆಲ್ಲ ಯಾರ್ಕ್‌ಶೈರಲ್ಲ

ಶಿವಾಜಿನಗರ, ಹಲಸೂರಿನ ಪೋರ್ಕ್ ಅಂಗಡಿಗಳಲ್ಲೂ ಕೆ.ಆರ್. ಪುರದಾಚೆ ಹೋಟೆಲ್ ಮುಸುರೆ ಹಾಕಿ ಹಂದಿ ಸಾಕುವವರಲ್ಲೂ ಒಂದು ಮಾತು ರೂಢಿ: ಬೆಳ್ಳಗಿದ್ದರೆ ಯಾರ್ಕ್‌ಶೈರ್, ಕಪ್ಪಗಿದ್ದರೆ ನಾಟಿ. ನನ್ನ ಪಕ್ಷ ಬೇರೆ. ತಂದೆತಾಯಿ ಯಾರೆಂಬ ದಾಖಲೆಯಿಲ್ಲದ ಮರಿಯನ್ನು ತಳಿಯ ಹೆಸರಿನಲ್ಲಿ ಮಾರಬಾರದು. ಬಣ್ಣ ಸಾಕ್ಷಿಯಾಗದು. ಬಿಳುಪು ಪ್ರಬಲ ಗುಣ; ಶುದ್ಧ ಯಾರ್ಕ್‌ಶೈರ್ ಗಂಡನ್ನು ಕಪ್ಪು ನಾಟಿಗೆ ಕೂಡಿಸಿದರೂ ಮರಿಗಳು ಹೆಚ್ಚುಕಡಿಮೆ ಬಿಳಿಯೇ. ಮುಂದಿನ ತಲೆಮಾರಿನಲ್ಲಿ ಕಪ್ಪು ಇಣುಕಿದಾಗಲೇ ಕೊಂಡವನಿಗೆ ಗುಟ್ಟು ತಿಳಿಯುವುದು.

ಪೂರ್ವಪಕ್ಷ: ತಕ್ಕಡಿಗೆ ಹೋಗುವ ಪ್ರಾಣಿಗೆ ವಂಶಾವಳಿ ಏಕೆ? ತಕ್ಕಡಿಗೆ ಹೋಗುವುದಕ್ಕೆ ಬೇಡ; ಬೀಜಕ್ಕೆ ಉಳಿಸಿಕೊಂಡದ್ದಕ್ಕೆ ಬೇಕು. ಗುರುತಿಲ್ಲದೆ ಗಂಡನ್ನು ಅದರ ಮಗಳಿಗೇ ಬಿಟ್ಟರೆ ಮರಿಗಳ ಒಳಸಂತಾನದ ಪ್ರಮಾಣ ಶೇಕಡಾ 25. ಸೂಲು ಚಿಕ್ಕದಾಗುತ್ತದೆ, ಮರಿ ಸಾಯುತ್ತವೆ, ಸಾಕಿದವನು ಮುಸುರೆಯನ್ನು ಬೈಯುತ್ತಾನೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ನೋಂದಣಿ ದೊಡ್ಡ ಫಾರಂಗಳ ಆಟ, ಹಂದಿಜೋಗಿ, ಕೊರಮ ಕುಟುಂಬಗಳನ್ನು ಹೊರಗಿಡುವ ಉಪಾಯ. ಶುಲ್ಕ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವುದೇ ನೋಂದಣಿಯಾದರೆ ನಾನೂ ಅವರ ಕಡೆಗೇ. ಆದರೆ ದಾಖಲೆಯನ್ನು ಹಂದಿಯ ಕಿವಿಯಲ್ಲೇ ಬರೆಯಬಹುದು. ಬಲಗಿವಿಯಂಚಿನ ಕಚ್ಚುಗಳು ಸೂಲಿನ ಸಂಖ್ಯೆ, ಎಡಗಿವಿಯವು ಮರಿಯ ಸಂಖ್ಯೆ. ಜಾಗಕ್ಕೊಂದು ಬೆಲೆ: 1, 3, 9, 27, ಬಲಗಿವಿಯ ತುದಿಗೆ 81. ಬಲಗಿವಿಯಲ್ಲಿ 9, 3, 1ರ ಜಾಗದಲ್ಲಿ ಒಂದೊಂದು ಕಚ್ಚಿದ್ದರೆ ಅದು 13ನೇ ಸೂಲಿನ ಮರಿ. ಕಚ್ಚು ಹಾಕುವ ಇಕ್ಕಳ, ಜೊತೆಗೊಂದು ನೋಟ್‌ಬುಕ್ಕು ಸರ್ಕಾರಿ ಪಶು ಆಸ್ಪತ್ರೆಯಲ್ಲಿರಲಿ.

ತಳಿಗೆ ಇಂಥದ್ದೇ ಲಕ್ಷಣವಿರಬೇಕೆಂಬ ಪಟ್ಟಿಯೇ ಕೇಡಲ್ಲವೇ ಎಂದು ಕೇಳುವವರಿದ್ದಾರೆ. ಭಾಗಶಃ ಹೌದು. ನೇಕಾರ ಜೋಸೆಫ್ ಟೂಲಿ 1851ರಲ್ಲಿ ಯಾರ್ಕ್‌ಶೈರಿನ ದೊಡ್ಡ ಬಿಳಿ ಹಂದಿಗಳನ್ನು ಪ್ರದರ್ಶನಕ್ಕೆ ತಂದಾಗಿನಿಂದ ಕಣ್ಣಿಗೆ ಚೆಂದವಾದದ್ದಕ್ಕೇ ಬಹುಮಾನ. ಕೊಬ್ಬಿಲ್ಲದ ಮಾಂಸವನ್ನೇ ಆರಿಸುತ್ತ ಹೋದ ಪಿಯೆಟ್ರೇನ್ ಮತ್ತು ಕೆಲವು ಲ್ಯಾಂಡ್‌ರೇಸ್ ತಳಿಯ ಹಿಂಡುಗಳಲ್ಲಿ, ಲಾರಿಗೆ ಹತ್ತಿಸುವ ಗಾಬರಿಗೇ ಸಾಯುವ ಹಂದಿಗಳು ಹೆಚ್ಚಿದವು. ಆ ದೋಷದ ಜೀನು 1991ರಲ್ಲಿ ಸಿಕ್ಕಿತು. ಅದನ್ನು ಹಿಂಡಿನಿಂದ ಕಳೆಯುವಾಗ ಯಾವ ಹಂದಿ ಯಾರ ಮಗ ಎಂಬ ಪುಸ್ತಕವೂ ನೆರವಿಗೆ ಬಂತು. ಲಕ್ಷಣಪಟ್ಟಿ ತಿದ್ದಬೇಕು, ಹರಿಯಬಾರದು. ಕಿವಿ ನೆಟ್ಟಗಿದೆಯೋ ಜೋತಿದೆಯೋ ಎಂಬುದಕ್ಕಿಂತ ಕಾಲು, ಮೊಲೆತೊಟ್ಟು ಮುಖ್ಯ. ಹುಟ್ಟಿದ ಕೆಲವೇ ದಿನಕ್ಕೆ ಮರಿಗಳು ಒಂದೊಂದು ತೊಟ್ಟನ್ನು ತಮ್ಮದಾಗಿಸಿಕೊಳ್ಳುತ್ತವೆ. 10 ತೊಟ್ಟಿನ ತಾಯಿಗೆ 12 ಮರಿಯಾದರೆ ಎರಡು ಸೊರಗಿದಂತೆಯೇ.

ನಾಟಿಗೂ ತಳಿಯ ಪಟ್ಟ ಕೊಡಿ ಎನ್ನುತ್ತಾರೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಬಂಗಾಳದ ಘುಂಗ್ರೂವನ್ನೂ ಗೋವಾದ ಅಗೊಂಡಾ ಗೋವನ್ನನ್ನೂ ನೋಂದಾಯಿಸಿದೆ. ಆದರೆ ಬಿಳಿ ಗಂಡುಗಳು ಓಡಾಡಿದ ನಮ್ಮ ಕೇರಿಗಳ ಕಪ್ಪು ಹಂದಿಗೆ ಈಗಲೇ ಹೆಸರಿಡುವುದು ಅವಸರ. ಕೆಲವು ತಲೆಮಾರು ಅದರ ತೂಕ, ಸೂಲು, ಬಣ್ಣ ಬರೆದುಕೊಳ್ಳಲಿ, ಹೆಸರು ಆಮೇಲಾಗಲಿ.