ಒಂದು ಮತದ ವಿಚಾರ

ಮತವೆಂಬ ಮಾತಿಗೆ ಈ ಪುಟಗಳಲ್ಲಿ ಧರ್ಮವೆಂಬ ಅರ್ಥವು ರೂಢಿಯಾಗಿದೆ. ಇಲ್ಲಿ ಅದನ್ನು ಓಟೆಂದು ತಿಳಿಯತಕ್ಕದ್ದು. ಉಡಿಗಾಲದ ಜಗಲಿಗಳಲ್ಲಿ ಚುನಾವಣೆಯ ಪ್ರಸ್ತಾಪ ಬಂದಾಗ ನಾವು ಕೇಳುವ ಪ್ರಶ್ನೆಯೊಂದುಂಟು: "ನನ್ನೊಬ್ಬನ ಓಟಿನಿಂದ ಆಗುವುದೇನು ಅಯ್ಯನವರೇ? ಅದಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಳ್ಳಲೇ?" ಇದನ್ನು ಸೋಮಾರಿಯ ನೆಪವೆಂದು ನಾವು ತಳ್ಳಿಬಿಡಲಾರೆವು. ಹಗಲಿನ ಕೂಲಿಯಿಂದಲೇ ಸಂಜೆಯ ಒಲೆ ಉರಿಯಬೇಕಾದ ಮನೆಗಳು ಅನೇಕ.

ಉತ್ತರವು ನಮ್ಮ ಜಿಲ್ಲೆಯಲ್ಲಿಯೇ ಇದೆ. 2004ನೆಯ ಇಸವಿಯ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರಕ್ಕೆ ಕಾಂಗ್ರೆಸಿನ ಆರ್. ಧ್ರುವನಾರಾಯಣರೂ ಜಾತ್ಯತೀತ ಜನತಾದಳದ ಎ. ಆರ್. ಕೃಷ್ಣಮೂರ್ತಿಯವರೂ ಸ್ಪರ್ಧಿಸಿದ್ದರು. ಎಣಿಕೆ ಮುಗಿದಾಗ ಮೊದಲನೆಯವರಿಗೆ 40,752, ಎರಡನೆಯವರಿಗೆ 40,751. ಸೋತವರ ಕಾರಿನ ಚಾಲಕನಿಗೆ ಆ ದಿನ ಮತ ಹಾಕಲು ಬಿಡುವು ಸಿಗಲಿಲ್ಲವೆಂದು ಪತ್ರಿಕೆಗಳು ಬರೆದವು. ಕ್ಷೇತ್ರಗಳ ಪುನರ್ವಿಂಗಡಣೆಯಾಗಿ 2008ರ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರವೇ ಇಲ್ಲದೆ ಹೋಯಿತು. ಕಥೆ ಮಾತ್ರ ಉಳಿಯಿತು.

ಜನರು ಇದನ್ನು ನಗುತ್ತಾ ಹೇಳುವರು. ನಾವು ಸ್ವಲ್ಪ ನಿಧಾನಿಸಿ ನೋಡೋಣ. ಚಾಲಕನು ಮತ ಹಾಕಿದ್ದರೆ ಧಣಿಯು ಗೆದ್ದೇ ಬಿಡುತ್ತಿದ್ದರೆಂಬುದು ಸರಿಯಲ್ಲ. ಒಂದು ಕೂಡಿದ್ದರೆ ಇಬ್ಬರೂ ಸಮವಾಗುತ್ತಿದ್ದರು. ಆಗ ಕಾನೂನಿನಂತೆ ಚೀಟಿ ಎತ್ತಬೇಕಾಗುತ್ತಿತ್ತು. ಅದೂ ಅಲ್ಲದೆ, ಆತನು ಧಣಿಗೇ ಮತ ಕೊಡುತ್ತಿದ್ದನೆಂದು ಹೇಳಲು ನಾವು ಯಾರು? ಉಪ್ಪು ತಿಂದವನ ಮನಸ್ಸೂ ಧಣಿಯದೇ ಎಂದು ಎಣಿಸುವುದು ನಮ್ಮ ಸೀಮೆಯ ಹಳೆಯ ಅಭ್ಯಾಸ. ಮತಗಟ್ಟೆಯ ಮರೆಯೊಳಗೆ ಧಣಿಯೂ ಇಲ್ಲ, ಆಳೂ ಇಲ್ಲ. ಆದಕಾರಣ ಆ ದಿನ ಕಳೆದುಹೋದದ್ದು ಅಭ್ಯರ್ಥಿಯ ಮತವಲ್ಲ, ಚಾಲಕನ ಮತ. ಎಂಬತ್ತೊಂದು ಸಾವಿರಕ್ಕೂ ಮೀರಿದ ಮತಗಳಲ್ಲಿ ಅದು ಒಂದು ಪಾಲು; ಅವನಿಗಾದರೋ ಅದೇ ಪೂರ್ತಿ. ಅಂತರವು ಹತ್ತು ಸಾವಿರವಾಗಿದ್ದರೂ ಅವನ ನಷ್ಟವು ಇಷ್ಟೇ ಇರುತ್ತಿತ್ತು, ಆದರೆ ಯಾರೂ ಅದನ್ನು ಬರೆಯುತ್ತಿರಲಿಲ್ಲ.

1951ರ ಜನತಾ ಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ಸೇರಿಸಿದ ಕಲಮಿನಂತೆ ಅಂಗಡಿ, ಕಾರ್ಖಾನೆ ಮುಂತಾದ ಕಡೆ ದುಡಿಯುವವರಿಗೆ, ದಿನಗೂಲಿಯವರಿಗೂ ಸಹ, ಮತದಾನದ ದಿನ ಸಂಬಳಸಹಿತ ರಜೆ ಕೊಡತಕ್ಕದ್ದು. ಹಾಗಾದರೆ ಅರಿಸಿನ ಕೀಳಲು ಆಳು ಕರೆದ ನಮ್ಮವರ ಗತಿಯೇನು? ಹೊಲಕ್ಕೆ ಕಾನೂನು ಬಂದು ಕೇಳುವ ತನಕ ಕಾಯಬೇಕೇ? ಎರಡು ಗಂಟೆಯ ಬಿಡುವಿಗೆ ಕೂಲಿ ಹಿಡಿಯುವ ಕೈ, ಕೊಳ್ಳುವ ಕೈಗಿಂತ ಬಹಳ ದೂರವಿಲ್ಲವೆಂದು ನಮಗೆ ತೋರುತ್ತದೆ.

ಕೊಳ್ಳುವವರ ಮಾತು ಬಂದುದರಿಂದ ಒಂದು ಸಂಶಯ. ನೋಟು ಪಡೆದವರು, "ಮಾತು ಕೊಟ್ಟಾಗಿದೆ, ತಪ್ಪಬಾರದಲ್ಲ" ಎಂದು ಅಳುಕುವುದುಂಟು. ಮುಟ್ಟದಿರುವುದೇ ಉತ್ತಮ, ಕೊಡುವುದೂ ಪಡೆಯುವುದೂ ಎರಡೂ ಅಪರಾಧ. ಆದರೂ ಮಾರಬಾರದ್ದನ್ನು ಮಾರಿದ ಮಾತು ಮನಸ್ಸಾಕ್ಷಿಯನ್ನು ಕಟ್ಟಲಾರದು. ಧರ್ಮದ ಹೆಸರಿನಲ್ಲಿ ಮತ ಕೇಳುವುದಕ್ಕೂ ಕಾನೂನಿನ ನಿಷೇಧವಿದೆ. ಯಾರಿಗೆ ಹಾಕಬೇಕೆಂದು ನಮ್ಮನ್ನು ಕೇಳುವವರಿಗೆ ಇದೇ ಉತ್ತರ.

ವಯನಾಡಿಗೂ ಊಟಿಗೂ ಕೂಲಿಗೆ ಹೋದವರ ಮನೆಯವರು ಪಟ್ಟಿಯನ್ನು ಈಗಲೇ ನೋಡಿಸಲಿ. ಹದಿನೆಂಟು ತುಂಬಿದವರಿಗೆ 6ನೆಯ ನಮೂನೆ, ವಿಳಾಸ ಬದಲಾದವರಿಗೆ 8ನೆಯದು. ಗುರುತಿನ ಚೀಟಿ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೂ, ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಮತಗಟ್ಟೆಯಿಂದ ಹಿಂದಕ್ಕೆ ಕಳುಹಿಸುವರು.