ಹತ್ತನೆಯವನ ಮೌನ

ಪರಧರ್ಮೀಯರ ಆರಾಧನೆಯಲ್ಲಿ ಉಪಸ್ಥಿತನಾದವನು ಎಷ್ಟರಮಟ್ಟಿಗೆ ಅದರಲ್ಲಿ ಭಾಗಿಯಾಗಬೇಕು, ಎಲ್ಲಿ ತಡೆದು ನಿಲ್ಲಬೇಕು? ಯೆಹೂದ್ಯರ ಸಿನಗಾಗಿಗೆ ಮೊದಲ ಬಾರಿ ಹೋಗುವವನನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸಬಹುದು. ಮುಂಬಯಿಯ ಕೋಟೆ ಪ್ರದೇಶದಲ್ಲಿ 1884ರಲ್ಲಿ ಕಟ್ಟಿದ ನೀಲಿ ಬಣ್ಣದ ಕೆನೆಸೆತ್ ಎಲಿಯಾಹು ಮಂದಿರವನ್ನು ನಮ್ಮ ವಾಚಕರಲ್ಲಿ ಕೆಲವರು ಹೊರಗಿನಿಂದಲಾದರೂ ಕಂಡಿದ್ದಾರು.

ಬಾಹ್ಯಾಚಾರಗಳು ಕಠಿಣವಲ್ಲ. ಪುರುಷನು ತಲೆ ಮುಚ್ಚಿಕೊಳ್ಳಬೇಕು. ಶುಕ್ರವಾರದ ಸೂರ್ಯಾಸ್ತದಿಂದ ತೊಡಗುವ ಸಬ್ಬತ್ತಿನಲ್ಲಿ ಸಂಪ್ರದಾಯನಿಷ್ಠರ ನಡುವೆ ಬರೆಯುವುದಾಗಲಿ, ಛಾಯಾಚಿತ್ರ ತೆಗೆಯುವುದಾಗಲಿ, ದೂರವಾಣಿಯನ್ನು ಬಳಸುವುದಾಗಲಿ ಸಲ್ಲದು. ಪೆಟ್ಟಿಗೆಯಿಂದ ತೋರಾ ಗ್ರಂಥದ ಸುರುಳಿಯನ್ನು ಹೊರತೆಗೆದಾಗ ಸಭೆಯೆಲ್ಲ ಎದ್ದು ನಿಲ್ಲುತ್ತದೆ. ಅದನ್ನು ಚರ್ಮದ ಮೇಲೆ ಬರೆದಿರುವುದು ನಮ್ಮ ಮನಸ್ಸಿಗೆ ಒಗ್ಗದು, ನಿಜ. ಆದರೆ ಓದುವವನು ಅಕ್ಷರಗಳಿಗೆ ಬರಿಗೈ ತಾಗಿಸದೆ ಕಿರುಗೋಲಿನಿಂದ ತೋರಿಸುತ್ತ ಓದುವ ಗೌರವವನ್ನು ಶ್ರುತಪಂಚಮಿಯನ್ನು ಆಚರಿಸುವ ನಮಗೆ ವಿವರಿಸಬೇಕಾಗಿಲ್ಲ.

ಎದ್ದು ನಿಲ್ಲುವುದು ವಿನಯ. ಅದರಲ್ಲಿ ಶ್ರದ್ಧೆಯ ಅಂಗೀಕಾರವಿಲ್ಲ. ಬಾಯಿಂದ ಆಡುವ ಮಾತು ಹಾಗಲ್ಲ. ದೇವರು ತಮಗೆ ಆಜ್ಞೆಯಿತ್ತನೆಂಬ ವಾಕ್ಯಗಳನ್ನು ಆ ಆಜ್ಞೆಗೆ ಒಳಪಡದವನು ಉಚ್ಚರಿಸಿದರೆ ಅದು ಭಕ್ತಿಯೂ ಅಲ್ಲ, ಸೌಜನ್ಯವೂ ಅಲ್ಲ. ಆದುದರಿಂದಲೇ ಯೆಹೂದ್ಯನಲ್ಲದ ಅತಿಥಿಯು ಪ್ರಾರ್ಥನೆಯ ಶಾಲನ್ನು ಹೊದೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಮೌನದ ವಿಷಯ. ತಂದೆತಾಯಿಗಳನ್ನು ಕಳೆದುಕೊಂಡ ಮಗನು ಹನ್ನೊಂದು ತಿಂಗಳು ಕದ್ದಿಷ್ ಎಂಬ ಸ್ತುತಿಯನ್ನು ಹೇಳುವುದು ಅವರಲ್ಲಿ ವಾಡಿಕೆ. (ಅದರಲ್ಲಿ ಮರಣದ ಮಾತೇ ಇಲ್ಲವೆಂಬುದು ಗಮನಾರ್ಹ.) ಹತ್ತು ಮಂದಿ ವಯಸ್ಕರು ಕೂಡದೆ ಅದನ್ನು ಹೇಳುವಂತಿಲ್ಲ, ಸಂಪ್ರದಾಯನಿಷ್ಠರಲ್ಲಿ ಹತ್ತು ಮಂದಿಯೂ ಪುರುಷರೇ ಆಗಿರಬೇಕು. ಒಂಬತ್ತು ಮಂದಿ ಸೇರಿ ಬಾಗಿಲತ್ತ ನೋಡುತ್ತಿದ್ದಾರೆಂದು ಭಾವಿಸೋಣ. ಅಪರಿಚಿತನೊಬ್ಬನು ಒಳಗೆ ಬರುತ್ತಾನೆ. ಅವನು ಯಾವ ಸುಳ್ಳನ್ನೂ ಹೇಳಬೇಕಾಗಿಲ್ಲ. ಸುಮ್ಮನೆ ಕುಳಿತರೆ ಶೋಕಾರ್ತನ ಇಷ್ಟ ನೆರವೇರಿದಂತೆ ತೋರುತ್ತದೆ. ಯಾರಿಗೆ ಹಾನಿ ಎಂದು ಕೇಳಬಹುದು. ಕರುಣೆಯೂ ಹಾಗೆಯೇ ಮಾಡೆಂದೀತು. ಆದರೆ ಆ ಮಗನು ಬಯಸಿದ್ದು ಸಮಾಧಾನವನ್ನಷ್ಟೇ ಅಲ್ಲ, ತನ್ನ ಶಾಸ್ತ್ರದಂತೆ ತಂದೆಯ ಋಣವನ್ನು ತೀರಿಸುವುದನ್ನು. ಅತಿಥಿಯ ಮೌನವು ಅವನಿಗೆ ಕೊಡುವುದು ತೀರಿತೆಂಬ ಭ್ರಮೆಯನ್ನು. ಮೌನವನ್ನು ವ್ರತವೆಂದು ಪಾಲಿಸುವ ನಮಗೆ ಅದೇ ಮೌನವು ಇಲ್ಲಿ ಅಸತ್ಯವಾಗುವುದು ಸುಲಭವಾಗಿ ಕಾಣದೆ ಹೋಗಬಹುದು. ಎಷ್ಟೇ ಮುಜುಗರವಾದರೂ "ನಾನು ನಿಮ್ಮವನಲ್ಲ" ಎಂದು ಅವನು ಹೇಳಲೇಬೇಕು. ಮತ್ತೊಬ್ಬನನ್ನು ಕರೆತರಲು ಅವರಿಗೆ ಆಗಲಾದರೂ ಅವಕಾಶವಿರುತ್ತದೆ.

ಆತಿಥೇಯರ ಕಷ್ಟವೂ ಸಣ್ಣದಲ್ಲ. 2018ರ ಅಕ್ಟೋಬರದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಸಬ್ಬತ್ತಿನಂದು 11 ಮಂದಿ ಹತರಾದರು. 2022ರ ಜನವರಿಯಲ್ಲಿ ಟೆಕ್ಸಾಸಿನ ಕಾಲಿವಿಲ್‌ನಲ್ಲಿ ರಬ್ಬಿಯು ಚಹ ಮಾಡಿಕೊಟ್ಟ ಅಪರಿಚಿತನೇ ಅವರನ್ನೂ ಇತರ ಮೂವರನ್ನೂ ಒತ್ತೆಯಾಗಿ ಹಿಡಿದನು. ಹೀಗಿರುವಾಗ ಮುಂಚಿತವಾಗಿ ಬರೆದು ಅನುಮತಿ ಪಡೆಯುವುದು ಯುಕ್ತ. ಬಾಗಿಲಲ್ಲಿ ಹೆಸರು ಕೇಳಿದರೆ ನೊಂದುಕೊಳ್ಳಲಾಗದು. ತಾನು ಯಾರೆಂದು ಅಲ್ಲಿಯೇ ಹೇಳಿದರೆ ಹತ್ತನೆಯವನ ಪ್ರಶ್ನೆಯೂ ಆಗಲೇ ಬಗೆಹರಿಯುತ್ತದೆ.

ಪ್ರಾರ್ಥನೆ ಮುಗಿದ ಮೇಲೆ ದ್ರಾಕ್ಷಾಮದ್ಯ, ಉಪಾಹಾರಗಳನ್ನು ನೀಡುವುದುಂಟು. ನಮ್ಮವರು ಅದನ್ನು ಸವಿನಯವಾಗಿ ನಿರಾಕರಿಸಬಹುದು. ಆಹಾರನಿಯಮವುಳ್ಳವನನ್ನು ಕಂಡು ಬೆರಗಾಗುವ ಜನ ಅವರಲ್ಲ.